ಕೋವಿಯ ಮರ ಸೀಳಿದರೆ: ಗೋಂದು ಹಚ್ಚುವ ಮೊದಲು ನೋಡಬೇಕಾದ್ದು

ಕಳೆದ ಮಳೆಗಾಲದಲ್ಲಿ ಕಾಸರಗೋಡಿನ ಅಡೂರು ಕಡೆಯಿಂದ ನಮ್ಮ ಸಂಬಂಧದ ಮಾವ ಒಬ್ಬರು ಬಂದರು. ತಂದ ಗೋಣಿಚೀಲವನ್ನು ಜಗಲಿಯಲ್ಲಿ ಇಟ್ಟರು. ಒಳಗೆ ಹಳೆಯ ಏರ್ ರೈಫಲ್, ಮದ್ದಿನ ಬದಲು ಗಾಳಿಯ ಒತ್ತಡದಲ್ಲಿ ಗುಂಡು ಹಾರಿಸುವಂಥದ್ದು. ಕೈ ಹಿಡಿಯುವ ಜಾಗದಲ್ಲಿ ಮರ ಸೀಳಿತ್ತು. ಅದಕ್ಕೆ ತಾಮ್ರದ ತಂತಿ ಸುತ್ತಿ, ತಂತಿಯ ಮೇಲೆ ಕರೆಂಟಿನವರ ಕಪ್ಪು ಟೇಪು ಸುತ್ತಿದ್ದರು.

“ಮೂರು ಸಲ ಗಮ್ಮು ಹಾಕಿ ಆಯ್ತು ಮಾರಾಯ, ನಿಲ್ಲುದೇ ಇಲ್ಲ” ಅಂದರು.

ಟೇಪು ಬಿಚ್ಚಿದೆ. ಮರ ಕಪ್ಪಗಾಗಿತ್ತು. ಉಗುರಿನಿಂದ ಒತ್ತಿದರೆ ಗುರುತು ಬೀಳುವಷ್ಟು ಮೆತ್ತಗೆ. ಬೆರಳು ಮೂಸಿದರೆ ತೆಂಗಿನೆಣ್ಣೆ.

“ಎಣ್ಣೆ ಹಾಕ್ತಿದ್ರಾ ಮಾವ ಇದಕ್ಕೆ?”

“ಶನಿವಾರ ಶನಿವಾರ. ತಲೆಗೆ ಹಾಕಿ ಉಳಿದದ್ದು ಇದಕ್ಕೆ.”

ದೋಷ ಅಲ್ಲೇ ಸಿಕ್ಕಿತು. ಎಣ್ಣೆ ಕುಡಿದ ಮರಕ್ಕೆ ಯಾವ ಗೋಂದೂ ಕಚ್ಚುವುದಿಲ್ಲ. ಮೂರಲ್ಲ, ಮೂವತ್ತು ಸಲ ಹಾಕಿದರೂ ಅಷ್ಟೇ. ಮರ ಎಲ್ಲಿ ಸೀಳಿದೆ, ಯಾಕೆ ಸೀಳಿದೆ ಎಂದು ನೋಡದೆ ಗೋಂದಿನ ಡಬ್ಬಿ ಮುಚ್ಚಳ ತೆಗೆಯಬೇಡಿ. ನಾನು ಈ ಬರಹದಲ್ಲಿ ಹೇಳುವುದು ಇಷ್ಟೇ. ಉಳಿದದ್ದು ಅದರ ವಿವರ.

ಮೊದಲು ಎರಡು ಮಾತು

ನಾನು ಮರದ ಕೆಲಸದವನು, ಕೋವಿ ರಿಪೇರಿಯವನಲ್ಲ. 1959ರ ಶಸ್ತ್ರಾಸ್ತ್ರ ಕಾಯ್ದೆಯ 5ನೇ ಸೆಕ್ಷನ್ ಪ್ರಕಾರ ಕೋವಿ ತಯಾರಿಸಲು, ಮಾರಲು ಮಾತ್ರವಲ್ಲ, ರಿಪೇರಿ ಮಾಡಲೂ ಲೈಸೆನ್ಸ್ ಬೇಕು. ಹಾಗಾಗಿ ತೋಟೆ, ಅಂದರೆ ಮದ್ದು ತುಂಬಿದ ಗುಂಡು, ಹಾಕುವ ಕೋವಿಯ ಮರ ನನ್ನ ಕೈಗೆ ಬರುವುದು ಲೈಸೆನ್ಸ್ ಇರುವ ರಿಪೇರಿಯವರ ಮೂಲಕವೇ. ಕಬ್ಬಿಣ ಬಿಚ್ಚುವುದು, ಕೂರಿಸುವುದು, ಕೊನೆಗೆ ಗುಂಡು ಹಾರಿಸಿ ಪರೀಕ್ಷೆ ಮಾಡುವುದು ಎಲ್ಲ ಅವರದ್ದು. ಮನೆಯಲ್ಲೇ ಮಾಡಬಹುದಾದ್ದು ಎಂದು ಕೆಳಗೆ ಬರೆದದ್ದು ಸಾಮಾನ್ಯ ಏರ್ ರೈಫಲ್‌ನ ಮರಕ್ಕೆ. ಲೈಸೆನ್ಸಿನ ಕೋವಿ ಇದ್ದವರು ಇದನ್ನು ಓದಿ ರಿಪೇರಿಯವರ ಹತ್ತಿರ ಸರಿಯಾಗಿ ಮಾತಾಡಬಹುದು, ಅಷ್ಟು ಸಾಕು.

ಇನ್ನೊಂದು, ಖಾಲಿ ಇದೆಯಾ ಎಂದು ನೋಡುವುದು. “ಖಾಲಿಯೇ ಇದೆ” ಎಂದು ಯಾರು ಹೇಳಿದರೂ ನೀವೇ ಕೋವಿ ತೆರೆದು ನೋಡಿ. ಏರ್ ರೈಫಲ್‌ನಲ್ಲಿ ಸ್ಪ್ರಿಂಗ್ ಬಿಗಿದ ಸ್ಥಿತಿಯಲ್ಲಿ ಇರಬಾರದು. ಸ್ಕ್ರೂ ತೆಗೆದು ಮರ ಬೇರೆ ಮಾಡಿದರೆ ಸಾಕು. ಸ್ಪ್ರಿಂಗ್ ಇರುವ ಕೊಳವೆಯನ್ನು ಬಿಚ್ಚುವ ಸಾಹಸ ಬೇಡ, ಅದು ಎದುರು ನಿಂತವರ ಹಲ್ಲು ತೆಗೆಯುತ್ತದೆ.

2022ರಲ್ಲಿ ಕೇರಳ ಸರ್ಕಾರ ಬೆಳೆ ಹಾಳು ಮಾಡುವ ಕಾಡುಹಂದಿಗೆ ಗುಂಡು ಹಾಕಿಸುವ ಅಧಿಕಾರವನ್ನು ಪಂಚಾಯತ್ ಅಧ್ಯಕ್ಷರ ಕೈಗೂ ಕೊಟ್ಟಿತು. ಅಲ್ಲಿಂದ ನಮ್ಮ ಮುಳ್ಳೇರಿಯ, ದೇಲಂಪಾಡಿ ಕಡೆ ಮೂಲೆ ಸೇರಿದ್ದ ಲೈಸೆನ್ಸಿನ ಕೋವಿಗಳೂ ಕೆಳಗೆ ಇಳಿದವು. ವರ್ಷಗಟ್ಟಲೆ ಅಲ್ಲಾಡದೆ ಇದ್ದ ಮರಕ್ಕೆ ಒಮ್ಮೆಲೇ ಗುಂಡು ಹಾರಿಸಿದ ಒದೆತ ಬಿದ್ದರೆ ಸೀಳದೆ ಇರುತ್ತದಾ?

ಸೀಳು ಕಾಣುವುದು ಹೇಗೆ

ಮರವನ್ನು ಕಬ್ಬಿಣದಿಂದ ಬೇರೆ ಮಾಡಿ. ಹೊರಗಿನ ಪಾಲಿಷ್ ಎಷ್ಟೋ ಸೀಳನ್ನು ಮುಚ್ಚಿಡುತ್ತದೆ. ಕಬ್ಬಿಣ ಕೂರುವ ಒಳಗಿನ ಗೂಡಿನಲ್ಲಿ ಪಾಲಿಷ್ ಇರುವುದಿಲ್ಲ. ನಿಜ ಗೊತ್ತಾಗುವುದು ಅಲ್ಲೇ.

ಮೆಡಿಕಲ್ ಶಾಪಿನ ಸ್ಪಿರಿಟ್‌ನಲ್ಲಿ ಬಟ್ಟೆ ಅದ್ದಿ ಒಳಗಡೆ ಒರೆಸಿ. ಮೇಲ್ಮೈ ಅರೆ ನಿಮಿಷದಲ್ಲಿ ಒಣಗುತ್ತದೆ. ಸೀಳಿನ ಒಳಗೆ ಇಳಿದದ್ದು ಒಣಗಲು ಜಾಸ್ತಿ ಹೊತ್ತು ಬೇಕು. ಆ ನಡುವಿನ ಹೊತ್ತಿನಲ್ಲಿ ಪೆನ್ಸಿಲ್ಲಿನಲ್ಲಿ ಎಳೆದ ಹಾಗೆ ಒಂದು ಕಪ್ಪು ಗೆರೆ ಕಾಣುತ್ತದೆ. ಅದು ಎಲ್ಲಿ ನಿಲ್ಲುತ್ತದೋ ಅಲ್ಲಿ ಸೀಳು ನಿಂತಿದೆ. ಕೂಡಲೇ ಪೆನ್ಸಿಲ್ ಗುರುತು ಹಾಕಿಬಿಡಿ, ಮತ್ತೆ ಕಾಣುವುದಿಲ್ಲ. ಹೊರಗಿನ ಪಾಲಿಷ್ ಮೇಲೆ ಸ್ಪಿರಿಟ್ ಹಾಕಬೇಡಿ. ಹಳೆಯ ಅರಗಿನ ಪಾಲಿಷ್ ಕರಗಿ ಅಂಟಂಟಾಗುತ್ತದೆ.

ಆಮೇಲೆ ಕಿವಿಯ ಕೆಲಸ. ಮಡಕೆ ಕೊಳ್ಳುವಾಗ ಬಡಿದು ನೋಡುತ್ತೇವಲ್ಲ, ಹಾಗೆ ಬೆರಳಿನ ಗೆಣ್ಣಿನಿಂದ ಬುಡದಿಂದ ಮುಂದಕ್ಕೆ ತಟ್ಟುತ್ತಾ ಬನ್ನಿ. ಗಟ್ಟಿ ಮರ ಟಕ್ ಅನ್ನುತ್ತದೆ. ಸೀಳಿದ ಕಡೆ ಟೊಳ್ಳು ಸದ್ದು, ಕೆಲವೊಮ್ಮೆ ಸಣ್ಣಗೆ ಗರಗರ.

ಎಲ್ಲಿ ಸೀಳಿದೆ ಎಂಬುದರಲ್ಲೇ ಕಾರಣ ಇದೆ

ಕೈ ಹಿಡಿಯುವ ಸಪೂರ ಭಾಗವನ್ನು ಕುತ್ತಿಗೆ ಎನ್ನುತ್ತೇನೆ. ಇಡೀ ಮರದಲ್ಲಿ ಬಲ ಕಡಿಮೆ ಇರುವುದು ಅಲ್ಲಿ. ಕುತ್ತಿಗೆಯಲ್ಲಿ ಓರೆಯಾಗಿ ಸೀಳಿದ್ದರೆ ಮರದ ಎಳೆ ಹೋದ ದಿಕ್ಕು ನೋಡಿ. ಎಳೆ ಕುತ್ತಿಗೆಯ ಉದ್ದಕ್ಕೆ ಹರಿದಿದ್ದರೆ ಬಿದ್ದು ಅಥವಾ ಗುದ್ದಿ ಒಡೆದದ್ದು. ಜೋಡಿಸಿದರೆ ನಿಲ್ಲುತ್ತದೆ. ಎಳೆಯೇ ಅಡ್ಡಡ್ಡ ಹೋಗಿ ಹೊರಗೆ ಬಂದಿದ್ದರೆ ಹುಟ್ಟಿನಲ್ಲೇ ತಪ್ಪಿದ ಮರ. ಹಲಗೆ ಕೊಯ್ದವರು ಉಳಿತಾಯ ನೋಡಿದ್ದಾರೆ. ಅಂಥದ್ದು ಇವತ್ತಲ್ಲ ನಾಳೆ ಒಡೆಯುವುದೇ.

ಕಬ್ಬಿಣದ ಬಾಲ, ಅಂದರೆ ಹಿಂದಕ್ಕೆ ಚಾಚಿದ ಸಪೂರ ಪಟ್ಟಿ, ಮರದೊಳಗೆ ಕೊನೆಯಾಗುವ ಜಾಗದಿಂದ ಹಿಂದಕ್ಕೆ ನೇರವಾಗಿ ಸೀಳು ಹೋಗಿದೆಯೇ? ಇದು ಬಿದ್ದು ಆದದ್ದಲ್ಲ. ಕೋವಿ ಒದೆಯುವಾಗ ಆ ಬಾಲ ಸೌದೆ ಸೀಳುವ ಬೆಣೆಯ ಹಾಗೆ ಕೆಲಸ ಮಾಡಿದೆ. ಒದೆತದ ಭಾರವನ್ನು ಹೊರಬೇಕಾದ್ದು ಕಬ್ಬಿಣ ಮರಕ್ಕೆ ಒರಗುವ ಅಗಲದ ಮುಖಗಳು. ಬಾಲದ ತುದಿಯ ಹಿಂದೆ ಅರ್ಧದಿಂದ ಒಂದು ಮಿಲಿಮೀಟರ್ ಖಾಲಿ ಜಾಗ ಇರಬೇಕು. ವರ್ಷ ಕಳೆದಂತೆ ಮರ ಸವೆದು ಕಬ್ಬಿಣ ಹಿಂದೆ ಸರಿಯುತ್ತದೆ, ಜಾಗ ಮುಚ್ಚಿಹೋಗುತ್ತದೆ.

ಇದನ್ನು ಪತ್ತೆ ಮಾಡಲು ಕಾಡಿಗೆ ಸಾಕು. ಹೌದು, ಮಗುವಿನ ಹಣೆಗೆ ಇಡುವ ಕಾಡಿಗೆಯೇ. ಕಬ್ಬಿಣದ ಮೇಲೆ ತೆಳ್ಳಗೆ ಸವರಿ, ಮರದಲ್ಲಿ ಕೂರಿಸಿ, ಒಮ್ಮೆ ಒತ್ತಿ ತೆಗೆಯಿರಿ. ತಾಗಿದ ಕಡೆ ಎಲ್ಲ ಮಸಿ. ಬಾಲದ ತುದಿಯ ಗೂಡಿನಲ್ಲಿ ಮಸಿ ಹತ್ತಿದ್ದರೆ, ಎರಡೂ ಬದಿಯ ಅಗಲ ಮುಖಗಳಲ್ಲಿ ಹತ್ತದೆ ಇದ್ದರೆ, ಕಳ್ಳ ಸಿಕ್ಕಿದ. ಸಪೂರ ಉಳಿಯಿಂದ ಮಸಿ ಹತ್ತಿದಷ್ಟನ್ನೇ ಕೆರೆದು, ಮತ್ತೆ ಕೂರಿಸಿ ನೋಡಬೇಕು. ನನ್ನ ಹತ್ತಿರ ಬಂದ ಒಂದು ಮರಕ್ಕೆ ಇದನ್ನು ಹನ್ನೊಂದು ಸಲ ಮಾಡಿದ್ದೇನೆ. ಅವಸರ ಮಾಡಿದರೆ ಜಾಸ್ತಿ ಕೆರೆದು, ಆಮೇಲೆ ತುಂಬಿಸುವ ಕೆಲಸ ಬೇರೆ.

ಏರ್ ರೈಫಲ್‌ನಲ್ಲಿ ಮುಂಭಾಗದ ಸ್ಕ್ರೂ ತೂತಿನ ಸುತ್ತ ನಕ್ಷತ್ರದ ಹಾಗೆ ಸೀಳಿರುತ್ತದೆ. ಸ್ಪ್ರಿಂಗ್ ಇರುವ ರೈಫಲ್ ಒಂದು ಕಡೆಗೆ ಮಾತ್ರ ಒದೆಯುವುದಿಲ್ಲ. ಒಳಗಿನ ಪಿಸ್ಟನ್ ಮುಂದೆ ಹಾರುವಾಗ ರೈಫಲ್ ಹಿಂದಕ್ಕೆ, ಪಿಸ್ಟನ್ ತುದಿಯಲ್ಲಿ ನಿಂತಾಗ ಮುಂದಕ್ಕೆ. ಎರಡು ಗುದ್ದು. ಸ್ಕ್ರೂ ಸ್ವಲ್ಪ ಸಡಿಲ ಇದ್ದರೂ ಅದು ತೂತಿನ ಅಂಚನ್ನು ಸುತ್ತಿಗೆಯ ಹಾಗೆ ಬಡಿಯುತ್ತದೆ.

ನಮ್ಮ ಊರಿನಲ್ಲಿ ಇದಕ್ಕೆ ಇನ್ನೊಂದು ಸೇರುತ್ತದೆ. ವರ್ಷಕ್ಕೆ ಸುಮಾರು 3500 ಮಿಲಿಮೀಟರ್ ಮಳೆ ಬೀಳುವ ಜಾಗ ಇದು. ಮರ ಎಳೆಯ ಉದ್ದಕ್ಕೆ ಬೆಳೆಯುವುದಿಲ್ಲ, ಅಡ್ಡಕ್ಕೆ ಉಬ್ಬುತ್ತದೆ. ಮಾರ್ಚಿನಲ್ಲಿ ಮರ ಒಣಗಿ ಕುಗ್ಗುತ್ತದೆ, ಸ್ಕ್ರೂ ಸಡಿಲ. ನಾವು ಬಲ ಹಾಕಿ ತಿರುಗಿಸುತ್ತೇವೆ. ಜುಲೈಯಲ್ಲಿ ಮರ ಉಬ್ಬುತ್ತದೆ, ಸ್ಕ್ರೂ ಜಾಗ ಬಿಡುವುದಿಲ್ಲ. ವಾಷರ್ ಅಡಿಯ ಮರ ನಜ್ಜಾಗುತ್ತದೆ. ಮುಂದಿನ ಬೇಸಿಗೆಗೆ ಮೊದಲಿಗಿಂತ ಜಾಸ್ತಿ ಸಡಿಲ. ಮತ್ತೆ ತಿರುಗಿಸುತ್ತೇವೆ. ನಾಲ್ಕು ವರ್ಷದಲ್ಲಿ ತೂತಿನ ಸುತ್ತ ಮರ ಹೊಟ್ಟಾಗಿರುತ್ತದೆ. ಇದಕ್ಕೆ ಮದ್ದು ಸುಲಭ. ತೂತಿನ ಒಳಗೆ ಸಪೂರ ಲೋಹದ ಕೊಳವೆ ಕೂರಿಸಿದರೆ ಸ್ಕ್ರೂವಿನ ಬಿಗಿ ಲೋಹದ ಮೇಲೆ ಬೀಳುತ್ತದೆ, ಮರದ ಮೇಲಲ್ಲ. ಕೊಳವೆಯ ಉದ್ದ ಮರದ ದಪ್ಪಕ್ಕಿಂತ ಕೂದಲೆಳೆಯಷ್ಟು ಮಾತ್ರ ಕಡಿಮೆ ಇರಲಿ.

ಬುಡದ ಕೆಳಮೂಲೆ ಚಕ್ಕೆ ಎದ್ದಿದ್ದರೆ ಗೋಡೆಗೆ ಒರಗಿಸಿ ಇಟ್ಟು ಜಾರಿ ಬಿದ್ದದ್ದು, ಮತ್ತೇನಿಲ್ಲ. ಚಕ್ಕೆ ಸಿಕ್ಕಿದರೆ ಅಂಟಿಸಿ.

ಮೈಮೇಲೆ ಅಲ್ಲಲ್ಲಿ ಕೂದಲೆಳೆಯಂಥ ಉದ್ದ ಬಿರುಕುಗಳು, ತಟ್ಟಿದರೆ ಸದ್ದು ಸರಿ ಇದೆ ಅಂದರೆ, ಒಲೆಯ ಮೇಲಿನ ಅಟ್ಟದಲ್ಲಿ ಇಟ್ಟು ಒಣಗಿದ್ದು. ಜಾಗ ಬದಲಿಸಿದರೆ ಸಾಕು.

ಹಿಟ್ಟಿನಂಥ ಪುಡಿ ಉದುರುತ್ತಿದ್ದರೆ ಕುಟ್ಟೆ ಹುಳ ಹಿಡಿದಿದೆ. ಅದನ್ನು ನಾನು ಮನೆಯೊಳಗೂ ತರುವುದಿಲ್ಲ, ಬಾಕಿ ಮರಕ್ಕೂ ಹತ್ತುತ್ತದೆ.

ಎಣ್ಣೆ ತೆಗೆಯುವುದು

ಮಾವನ ರೈಫಲ್‌ನ ಕತೆಗೆ ಬರುತ್ತೇನೆ. ಕುತ್ತಿಗೆಯ ಎಳೆ ಸರಿಯಾಗಿಯೇ ಇತ್ತು. ಆದರೆ ತೆಂಗಿನೆಣ್ಣೆ ಎಂದೂ ಒಣಗುವುದಿಲ್ಲ. ಅಗಸೆ ಎಣ್ಣೆ ಗಾಳಿಯ ಆಮ್ಲಜನಕ ಹೀರಿ ಗಟ್ಟಿಯಾಗುತ್ತದೆ, ಪದರ ಕಟ್ಟುತ್ತದೆ. ತೆಂಗಿನೆಣ್ಣೆ ಹಾಗೇ ಮರದೊಳಗೆ ಕೂತಿರುತ್ತದೆ, ಎಳೆಗಳನ್ನು ಮೆತ್ತಗೆ ಮಾಡುತ್ತದೆ. ಕಬ್ಬಿಣಕ್ಕೆ ಹಾಕುವ ಯಂತ್ರದ ಎಣ್ಣೆಯೂ ಹೀಗೇ. ಕೋವಿಯನ್ನು ನಳಿಗೆ ಮೇಲೆ ಮಾಡಿ ನಿಲ್ಲಿಸಿಟ್ಟರೆ ಹೆಚ್ಚಿನ ಎಣ್ಣೆ ಎಲ್ಲ ಸೋರಿ ಕುತ್ತಿಗೆಗೇ ಬಂದು ಸೇರುತ್ತದೆ. ನಳಿಗೆ ಕೆಳಗೆ ಮಾಡಿ ಇಡಬೇಕು ಎಂದು ಹಳಬರು ಹೇಳುತ್ತಿದ್ದದ್ದು ಸುಮ್ನೆ ಅಲ್ಲ.

ತೆಗೆಯುವ ಕ್ರಮ ಹೀಗೆ. ಸೀಮೆಸುಣ್ಣವನ್ನು ನುಣ್ಣಗೆ ಪುಡಿ ಮಾಡಿ. ಅದಕ್ಕೆ ಅಸಿಟೋನ್ ಹಾಕಿ ದೋಸೆ ಹಿಟ್ಟಿನಷ್ಟು ದಪ್ಪಕ್ಕೆ ಕಲಸಿ. ಕಪ್ಪಾದ ಭಾಗಕ್ಕೆ ಬೆರಳು ದಪ್ಪ ಮೆತ್ತಿ. ಅಸಿಟೋನ್ ಒಳಗಿಳಿದು ಎಣ್ಣೆಯನ್ನು ಕರಗಿಸುತ್ತದೆ. ಅದು ಆವಿಯಾಗಿ ಹೋಗುವಾಗ ಎಣ್ಣೆಯನ್ನು ಸುಣ್ಣದ ಪುಡಿ ಹೀರಿಕೊಳ್ಳುತ್ತದೆ. ಒಣಗಿದ ಮೇಲೆ ಬ್ರಶ್ಶಿನಿಂದ ಉದುರಿಸಿ, ಮತ್ತೆ ಮೆತ್ತಿ. ಮಾವನ ಮರದಲ್ಲಿ ಮೊದಲ ಸಲ ಬಿಳಿ ಪುಡಿ ಹಳೇ ಬೆಲ್ಲದ ಬಣ್ಣಕ್ಕೆ ತಿರುಗಿತು. ಎರಡನೇ ಸಲ ಚಹಾದ ಬಣ್ಣ. ಐದನೇ ಸಲಕ್ಕೆ ಬಿಳಿಯಾಗಿಯೇ ಉಳಿಯಿತು. ಆಗ ನಿಲ್ಲಿಸಿದೆ.

ಈ ಕೆಲಸವನ್ನು ಅಂಗಳದಲ್ಲೇ ಮಾಡಿ. ಅಸಿಟೋನ್ ಆವಿಗೆ ಬೆಂಕಿ ಥಟ್ಟನೆ ಹತ್ತುತ್ತದೆ. ಒಲೆ, ಬೀಡಿ, ದೀಪ ಯಾವುದೂ ಹತ್ತಿರ ಇರಬಾರದು. ಮಾವ ಬೀಡಿ ಹಚ್ಚಲು ಹೊರಟಾಗ ಅತ್ತೆ ಬೈದ ಬೈಗುಳ ಇಲ್ಲಿ ಬರೆಯುವಂಥದ್ದಲ್ಲ.

ಅಂಟಿಸುವುದು

ಹಳೆಯ ಗೋಂದು ಪೂರ್ತಿ ಹೋಗಬೇಕು. ಸೀಳಿನ ಮುಖವನ್ನು ಮರಳು ಕಾಗದದಿಂದ ಉಜ್ಜಬೇಡಿ. ಒಡೆದ ಎಳೆಗಳು ಒಂದಕ್ಕೊಂದು ಹಲ್ಲು ಕಚ್ಚಿದ ಹಾಗೆ ಕೂರಬೇಕು, ಉಜ್ಜಿದರೆ ಆ ಹಲ್ಲು ಸವೆದುಹೋಗುತ್ತದೆ. ಹಳೇ ಹಲ್ಲುಜ್ಜುವ ಬ್ರಶ್ಶಿನಲ್ಲಿ ಅಸಿಟೋನ್ ಹಾಕಿ ತಿಕ್ಕಿದರೆ ಸಾಕು.

ನಾನು ಬಳಸುವುದು ಎರಡು ಟ್ಯೂಬಿನ ಎಪಾಕ್ಸಿ, ಅಂಗಡಿಯಲ್ಲಿ ಅರಾಲ್ಡೈಟ್ ಎಂದು ಕೇಳಿದರೆ ಕೊಡುತ್ತಾರೆ. ನಿಧಾನಕ್ಕೆ ಗಟ್ಟಿಯಾಗುವ ಬಗೆಯೇ ಬೇಕು. ಐದು ನಿಮಿಷದ್ದು ಸೀಳಿನ ಬುಡಕ್ಕೆ ಇಳಿಯುವ ಮೊದಲೇ ಕಲ್ಲಾಗುತ್ತದೆ. ಮರವನ್ನು ಸ್ವಲ್ಪ ಹೊತ್ತು ಬಿಸಿಲಿನಲ್ಲಿ ಇಟ್ಟು ಉಗುರು ಬೆಚ್ಚಗೆ ಮಾಡಿ. ಬೆಚ್ಚಗಿನ ಮರಕ್ಕೆ ಎಪಾಕ್ಸಿ ನೀರಾಗಿ ಇಳಿಯುತ್ತದೆ. ಸೀಳನ್ನು ಮೆಲ್ಲಗೆ ಅಗಲಿಸಿ, ಸೂಜಿಯಿಂದಲೋ ತೆಂಗಿನ ಗರಿಕಡ್ಡಿಯಿಂದಲೋ ಒಳಗೆ ತಳ್ಳಿ. ಆಚೆ ಬದಿಯಲ್ಲಿ ಹನಿ ಹೊರಗೆ ಬರಬೇಕು. ಬಂದರೆ ಒಳಗೆ ತುಂಬಿದೆ ಎಂದರ್ಥ.

ಕುತ್ತಿಗೆ ಉರುಟಾಗಿರುವುದರಿಂದ ಕ್ಲಾಂಪ್ ನಿಲ್ಲುವುದಿಲ್ಲ. ಹಳೇ ಸೈಕಲ್ ಟ್ಯೂಬನ್ನು ಎರಡು ಬೆರಳಿನ ಅಗಲಕ್ಕೆ ಉದ್ದ ಕತ್ತರಿಸಿ, ಎಳೆದೆಳೆದು ಸುತ್ತಿ. ಇದಕ್ಕಿಂತ ಒಳ್ಳೆಯ ಕ್ಲಾಂಪ್ ನಾನು ಕಂಡಿಲ್ಲ. ಮೊದಲು ಒಂದು ಸುತ್ತು ಪ್ಲಾಸ್ಟಿಕ್ ಹಾಳೆ ಇರಲಿ, ಇಲ್ಲದಿದ್ದರೆ ಟ್ಯೂಬೂ ಅಲ್ಲೇ ಅಂಟುತ್ತದೆ. ಹೊರಗೆ ಒಸರಿದ್ದನ್ನು ಆಗಲೇ ಒರೆಸಿ. ಪೂರ್ತಿ 24 ಗಂಟೆ ಮುಟ್ಟಬೇಡಿ. ಮಳೆಗಾಲದಲ್ಲಿ ನಾನು ಎರಡು ದಿನ ಬಿಡುತ್ತೇನೆ.

ಕುತ್ತಿಗೆಯ ಸೀಳಿಗೆ ಗೋಂದು ಮಾತ್ರ ಸಾಲದು. ಸೀಳನ್ನು ಅಡ್ಡ ಹಾಯುವ ಹಾಗೆ ಒಳಗಿನ ಗೂಡಿನ ಕಡೆಯಿಂದ ಓರೆಯಾಗಿ 4 ಮಿಲಿಮೀಟರ್ ತೂತು ಕೊರೆದು, 3 ಮಿಲಿಮೀಟರ್ ದಪ್ಪದ, ಸ್ಕ್ರೂವಿನ ಹಾಗೆ ತಿರುಪು ಗೆರೆ ಇರುವ ಹಿತ್ತಾಳೆ ಸಲಾಕೆಯನ್ನು ಎಪಾಕ್ಸಿಯಲ್ಲಿ ಅದ್ದಿ ತಿರುಗಿಸಿ ಇಳಿಸಿ. ಒಳಗಿನಿಂದ ಹೋದರೆ ಹೊರಗೆ ಗುರುತೇ ಕಾಣುವುದಿಲ್ಲ. ಕೊರೆಯುವ ಬಿಟ್ಟಿಗೆ ಆಳದ ಗುರುತಾಗಿ ಟೇಪು ಸುತ್ತಿಕೊಳ್ಳಿ. ಮರೆತರೆ ಬಿಟ್ಟು ಆಚೆ ಮೂತಿ ಹಾಕುತ್ತದೆ. ನನಗೆ ಒಮ್ಮೆ ಆಗಿದೆ, ಆ ತೂತು ಮುಚ್ಚಲು ಒಂದು ದಿನ ಹೋಯಿತು.

ಕಬ್ಬಿಣದ ಮೊಳೆ ಬೇಡವೇ ಬೇಡ. ಮೊಳೆ ಮರವನ್ನು ಬೆಣೆಯ ಹಾಗೆ ಸೀಳುತ್ತದೆ. ಆಮೇಲೆ ತುಕ್ಕು ಹಿಡಿದು ಉಬ್ಬುತ್ತದೆ. ಮರದ ಒಗರಿನ ಜೊತೆ ಕಬ್ಬಿಣ ಸೇರಿದರೆ ಶಾಯಿಯಂಥ ಕಪ್ಪು ಕಲೆ ಬೇರೆ, ಅದು ಸುಲಭಕ್ಕೆ ಹೋಗುವುದಿಲ್ಲ. ಆದರೆ ಅಡ್ಡ ಸ್ಕ್ರೂ ಹಾಕಿ ಮರವನ್ನು ಹಿಡಿದಿಡುವುದು ನಾಚಿಕೆಯ ಕೆಲಸವೇನಲ್ಲ. ಬಂಗಾಳದ ಇಛಾಪುರದ ಸರ್ಕಾರಿ ಕಾರ್ಖಾನೆಯಿಂದ ಬಂದ ಎಷ್ಟೋ ಲೀ ಎನ್‌ಫೀಲ್ಡ್ ರೈಫಲ್‌ಗಳ ಮುಂಭಾಗದ ಮರದಲ್ಲಿ ಅಡ್ಡಲಾಗಿ ಒಂದು ಸ್ಕ್ರೂ ಇದೆ. ಮರ ಸೀಳದಿರಲಿ ಎಂದು ಹಾಕಿದ್ದು. ಹೊರದೇಶದ ಸಂಗ್ರಹಕಾರರು ಆ ಸ್ಕ್ರೂ ನೋಡಿಯೇ ಇದು ಇಛಾಪುರದ ಕೈಯಾಡಿಸಿದ್ದು ಎಂದು ಗುರುತಿಸುತ್ತಾರೆ.

ಕೊನೆಗೆ ಕಬ್ಬಿಣ ಕೂರಿಸಿ ಕಾಡಿಗೆ ಪರೀಕ್ಷೆ ಇನ್ನೊಮ್ಮೆ. ಗೋಂದಿನ ಪದರದಿಂದಾಗಿ ಅಳತೆ ಸ್ವಲ್ಪ ಬದಲಾಗಿರುತ್ತದೆ. ಹೊರಗೆ ಕುದಿಸಿದ ಅಗಸೆ ಎಣ್ಣೆ, ತೆಳ್ಳಗೆ, ದಿನಕ್ಕೊಂದು ಕೈ. ಹಚ್ಚಿದ ಬಟ್ಟೆಯನ್ನು ಮುದ್ದೆ ಮಾಡಿ ಮೂಲೆಗೆ ಎಸೆಯಬೇಡಿ. ಒಣಗುವಾಗ ತಾನಾಗಿ ಬಿಸಿಯಾಗಿ ಬೆಂಕಿ ಹತ್ತಿಕೊಳ್ಳುತ್ತದೆ. ತಂತಿಯಲ್ಲಿ ಹರಡಿ ಒಣಗಿಸಿ, ಇಲ್ಲವೇ ನೀರಿನಲ್ಲಿ ಮುಳುಗಿಸಿ.

ಗೇರುಸಿಪ್ಪೆಯ ಎಣ್ಣೆ ಹಚ್ಚಬಹುದಾ ಎಂದು ಹಲವರು ಕೇಳುತ್ತಾರೆ. ದೋಣಿಗೆ, ಪಕಾಸಿಗೆ ಅದು ಒಳ್ಳೆಯದೇ. ಆದರೆ ಕೆನ್ನೆ ತಾಗಿಸುವ ಸಾಮಾನಿಗೆ ಬೇಡ, ಚರ್ಮ ಸುಡುತ್ತದೆ.

ಯಾವಾಗ ಕೈಬಿಡಬೇಕು

ಕುತ್ತಿಗೆ ಎರಡು ತುಂಡಾಗಿದೆ, ಎಳೆ ಅಡ್ಡ ಇದೆ, ಅದೂ ತೋಟೆ ಕೋವಿಯ ಮರ ಎಂದಾದರೆ ನಾನು ಮುಟ್ಟುವುದಿಲ್ಲ. ಹನ್ನೆರಡು ಬೋರಿನ ಕೋವಿಯ ಒದೆತಕ್ಕೆ ಜೋಡಿಸಿದ್ದು ಕೈಬಿಟ್ಟರೆ ಕಬ್ಬಿಣದ ಬಾಲ ನೇರ ಕೈಗೆ, ಮುಖಕ್ಕೆ ಬರುತ್ತದೆ. ಹೊಸ ಮರವೇ ಆಗಬೇಕು. ಕೋವಿಗೆ ಹೆಸರಾದ ಅಕ್ರೋಟು ಮರ ನಮ್ಮಲ್ಲಿ ಸಿಗುವುದಿಲ್ಲ. ಹಲಸು ಹಗುರ, ಕೆತ್ತಲು ಸುಲಭ, ಹಳದಿ ಬಣ್ಣ ಬರಬರುತ್ತಾ ಕಂದು ಆಗುತ್ತದೆ. ತೇಗದಲ್ಲೇ ಸ್ವಂತ ಎಣ್ಣೆ ಇದೆ, ಅಂಟಿಸುವ ಮುಖವನ್ನು ಅಸಿಟೋನ್‌ನಲ್ಲಿ ಒರೆಸಬೇಕು. ಬೀಟಿ ಚಂದ, ಆದರೆ ಹೊತ್ತು ಗುಡ್ಡ ಹತ್ತುವವರ ಹೆಗಲು ಕೇಳಿ. ಯಾವುದಾದರೂ ಸರಿ, ಚೆನ್ನಾಗಿ ಒಣಗಿರಬೇಕು. ಒಂದು ಇಂಚು ದಪ್ಪಕ್ಕೆ ಒಂದು ವರ್ಷ ಎಂಬುದು ಆಚಾರಿಗಳ ಲೆಕ್ಕ. ಎರಡಿಂಚಿನ ಹಲಗೆಗೆ ಎರಡು ಮಳೆಗಾಲ ಕಾಯುವ ತಾಳ್ಮೆ ಇದ್ದರೆ ಮಾತ್ರ ಮನೆಯ ಮರ ಕಡಿಸಿ. ಇಲ್ಲದಿದ್ದರೆ ಹಳೇ ಮನೆ ಕೆಡವುವಲ್ಲಿ ತೊಲೆ ಹುಡುಕಿ.

ಒಡೆದ ಹಳೆಯ ಮರವನ್ನು ಒಲೆಗೆ ಹಾಕಬೇಡಿ. ನೂರಾರು ಮಳೆ ಬಿಸಿಲು ಕಂಡು ಉಬ್ಬುವುದು, ಕುಗ್ಗುವುದು ಕಡಿಮೆಯಾದ ಮರ ಅದು. ಬುಡದ ಗಟ್ಟಿ ಭಾಗದಿಂದ ನಾನು ನಾಲ್ಕು ಉಳಿಗೆ ಹಿಡಿ ಕಡೆದಿದ್ದೇನೆ. ಸಣ್ಣ ತುಂಡುಗಳನ್ನು ಬಣ್ಣದ ಪ್ರಕಾರ ಬಿಸ್ಕತ್ತಿನ ಡಬ್ಬಿಯಲ್ಲಿ ಇಟ್ಟಿರುತ್ತೇನೆ, ಇನ್ನೊಂದು ಮರಕ್ಕೆ ತೇಪೆ ಹಾಕುವಾಗ ಅದೇ ವಯಸ್ಸಿನ ಬಣ್ಣ ಬೇರೆಲ್ಲೂ ಸಿಗುವುದಿಲ್ಲ. ಒಬ್ಬ ಅಕ್ಕ ಮೆಟ್ಟುಕತ್ತಿಯ ಮಣೆ ಮಾಡಿಕೊಡು ಎಂದಿದ್ದರು. ಬೇಡ ಅಂದೆ. ಹಳೇ ಕೋವಿಯ ಮರದಲ್ಲಿ ಸೀಸದ ಮಸಿ, ಯಂತ್ರದ ಎಣ್ಣೆ ಎಲ್ಲ ಸೇರಿರುತ್ತದೆ. ತರಕಾರಿ ಮುಟ್ಟುವ ಜಾಗಕ್ಕೆ ಆಗುವುದಿಲ್ಲ. ಬದಲಿಗೆ ಅದೇ ತುಂಡಿನಿಂದ ಜಗಲಿಯ ಗೋಡೆಗೆ ಎರಡು ಗೂಟ ಮಾಡಿಕೊಟ್ಟೆ. ಒಂದರಲ್ಲಿ ಈಗ ಕೊಡೆ, ಇನ್ನೊಂದರಲ್ಲಿ ಅಡಿಕೆ ಹಾಳೆಯ ಟೊಪ್ಪಿ, ಮುಟ್ಟಾಳೆ.

ಮಾವನ ರೈಫಲ್ ಈ ಬೇಸಿಗೆಯಲ್ಲಿ ಮತ್ತೆ ನೋಡಿದೆ. ಸೀಳಿನ ಗೆರೆ ಕಾಣುತ್ತದೆ, ತಟ್ಟಿದರೆ ಟಕ್ ಅನ್ನುತ್ತದೆ. ಬೆರಳು ಮೂಸಿ ನೋಡಿದೆ. ತೆಂಗಿನೆಣ್ಣೆ ಇಲ್ಲ.

“ಈಗ ಎಳ್ಳೆಣ್ಣೆ ಹಾಕುದು” ಅಂದರು ಮಾವ.

ಸೀಮೆಸುಣ್ಣದ ಡಬ್ಬಿ ಎಲ್ಲಿಟ್ಟೆ ಎಂದು ಹುಡುಕಲು ಹೋದೆ.